ಅಷ್ಟಮಿಯ ದಿನದ ನಾಲ್ಕು ಡಿಗ್ರಿ

ಓದುಗರಿಗೆಲ್ಲ ನಮಸ್ಕಾರ. ನಾನು ಬರೆಯುವ ಕಸುಬಿನವನಲ್ಲ. ಮೊಬೈಲಿನ ಮೇಲೆ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಾಗ ನನಗೆ ಇಪ್ಪತ್ತಾರು ವರ್ಷ. ನಾನು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಮೇಲ್ವಿಚಾರಕರು ಬಂದರೆಂದು ಎದ್ದು ನಿಂತಿದ್ದರು. ಆದ್ದರಿಂದ ಕಾಗುಣಿತ ತಪ್ಪಿದ್ದರೆ ಮನ್ನಿಸಿ. ಊರು ಬಿಟ್ಟು ಬಂಗಾಳಕ್ಕೆ ಬಂದು ಬಹಳ ವರ್ಷವಾಯಿತು, ನಡುವೆ ಬೇರೆ ಮಾತು ನುಸುಳಿದರೆ ಅದನ್ನೂ ಮನ್ನಿಸಿ. ಇಲ್ಲಿ ಬರುವವರು ಹಿಂದಿಯಲ್ಲೋ ಬಂಗಾಳಿಯಲ್ಲೋ ಆಡಿದ ಮಾತನ್ನು ನನಗೆ ಬಂದ ಕನ್ನಡದಲ್ಲಿ ಬರೆದಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ.

ಕೋಲ್ಕತ್ತಾದಲ್ಲಿ, ಖಿದಿರ್‌ಪುರದ ಬಸ್ ಇಳಿದು ಹತ್ತು ನಿಮಿಷ ನಡೆದರೆ ನಮ್ಮ ಕಚೇರಿ. ದನಕರುಗಳ ಲಸಿಕೆಯನ್ನು ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬು. ಕಂಪನಿಯವರು ಲಸಿಕೆ ತಯಾರಾದ ಕೂಡಲೇ ಮಾರುವ ಹಾಗಿಲ್ಲ. ಪ್ರತಿ ಬ್ಯಾಚಿನಿಂದ ಇನ್‌ಸ್ಪೆಕ್ಟರು ಒಂದಿಷ್ಟು ಸೀಸೆ ತೆಗೆದು, ಅರಗಿನ ಸೀಲ್ ಹಾಕಿ, ಐಸ್ ಪೆಟ್ಟಿಗೆಯಲ್ಲಿ ನಮಗೆ ಕಳಿಸುತ್ತಾರೆ. ಅದರಲ್ಲಿ ಬಲ ಎಷ್ಟಿದೆ ಎಂದು ನೋಡಿ ನಾವು ಪಾಸು ಅಥವಾ ಫೇಲು ಎಂದು ಬರೆಯುತ್ತೇವೆ. ನಮ್ಮ ಕಾಗದ ಹೋಗುವವರೆಗೆ ಇಡೀ ಬ್ಯಾಚು ಕಂಪನಿಯ ಗೋದಾಮಿನಲ್ಲಿ ಬೀಗದೊಳಗೆ ಇರುತ್ತದೆ. ನಾನು ಅಲ್ಲಿ ತಾಂತ್ರಿಕ ಸಹಾಯಕ. ಪರೀಕ್ಷೆಯನ್ನು ಕೈಯಾರೆ ಮಾಡುವವನು ನಾನು, ಸಹಿ ಹಾಕುವವರು ನಮ್ಮ ಸಾಹೇಬರು.

ಆ ವರ್ಷ ದುರ್ಗಾಪೂಜೆಗೆ ಮುಂಚೆ ಸುತ್ತಲಿನ ಜಿಲ್ಲೆಗಳಲ್ಲಿ ಚರ್ಮಗಂಟು ರೋಗ ಎದ್ದಿತ್ತು. ದನಗಳ ಮೈತುಂಬ ನಿಂಬೆಕಾಯಿಯಂಥ ಗಂಟು, ಜ್ವರ, ಬಾಯಲ್ಲಿ ಜೊಲ್ಲು. ಸೊಳ್ಳೆ, ನೊಣ ಕಚ್ಚಿ ಒಂದರಿಂದ ಒಂದಕ್ಕೆ ಹರಡುತ್ತದೆ. ಬಂದ ಮೇಲೆ ಔಷಧಿ ಇಲ್ಲ, ಬರುವ ಮೊದಲೇ ಲಸಿಕೆ ಹಾಕಬೇಕು.

ಟಾಲಿಗಂಜ್‌ನ ನಮ್ಮ ಕ್ವಾರ್ಟರ್ಸಿಗೆ ಹಾಲು ಕೊಡುವ ಗೌಳಿ ಒಬ್ಬನಿದ್ದ. ಬಿಹಾರದ ಕಡೆಯವನು. ಮೆಟ್ರೋ ಕಂಬಗಳನ್ನು ದಾಟಿ, ಕಾಲುವೆ ಪಕ್ಕ ತಗಡು ಹೊದಿಸಿದ ಕೊಟ್ಟಿಗೆಯಲ್ಲಿ ಆರು ಹಸು ಕಟ್ಟಿಕೊಂಡಿದ್ದ. ನನ್ನ ಕೆಲಸ ಏನೆಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ನಾನು ಅವನಿಗೆ ಟೀಕಾಬಾಬು. ಟೀಕಾ ಎಂದರೆ ಲಸಿಕೆ.

"ಟೀಕಾಬಾಬು, ಸರ್ಕಾರದ ಟೀಕಾ ಯಾವಾಗ ಬರುತ್ತೆ? ಕಾಲುವೆ ಆಚೆ ಕೊಟ್ಟಿಗೇಲಿ ಎರಡಕ್ಕೆ ಗಂಟು ಎದ್ದಿದೆ."

"ಬ್ಯಾಚು ಬಂದಿದೆ. ಪರೀಕ್ಷೆ ಮುಗಿದ ಕೂಡಲೇ."

"ಪರೀಕ್ಷೆ ಯಾರು ಮಾಡ್ತಾರೆ?"

"ನಾನೇ."

"ಹಾಗಾದ್ರೆ ಅರ್ಧ ಲೀಟರ್ ಜಾಸ್ತಿ ಹಾಕಲಾ, ಜಲ್ದಿ ಮಾಡ್ತೀರಾ?" ಎಂದು ನಕ್ಕ.

ನಾನು ಬೇಡ ಎಂದೆ. ಲಂಚ ತಿನ್ನುವವನಲ್ಲ ಎಂಬ ಹೆಮ್ಮೆ ಇತ್ತು ನನಗೆ.

ಆ ಬ್ಯಾಚಿನ ಸೀಸೆಗಳು ನಮ್ಮಲ್ಲಿಗೆ ಬಂದದ್ದು ಪಂಚಮಿಯ ದಿನ. ಸೀಲ್ ನೋಡಿದೆ, ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ನೋಡಿದೆ, ಎಲ್ಲ ಸರಿ ಇತ್ತು. ಎರಡು ಗುಂಪು ಮಾಡಿದೆ. ಒಂದು ಪರೀಕ್ಷೆಗೆ, ಇನ್ನೊಂದು ಮೊದಲನೆಯದು ಫೇಲಾದರೆ ಮತ್ತೆ ನೋಡುವುದಕ್ಕೆ. ಎರಡನ್ನೂ ಕೋಲ್ಡ್ ರೂಮಿನಲ್ಲಿ ಇಟ್ಟೆ. ಕೋಲ್ಡ್ ರೂಮೆಂದರೆ ಒಬ್ಬ ಮನುಷ್ಯ ಒಳಗೆ ನಡೆದು ಹೋಗುವಷ್ಟು ದೊಡ್ಡ ಫ್ರಿಜ್ಜು. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಮೊದಲು ತಾನಾಗಿ ಉಷ್ಣತೆ ಬರೆದುಕೊಳ್ಳುವ ಮಿಷನ್ ಇತ್ತು. ಅದು ಕೆಟ್ಟು, ಹೊಸದಕ್ಕೆ ಬರೆದ ಫೈಲು ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಅಲ್ಲಿಯವರೆಗೆ ಕೈಬರಹದ ರಿಜಿಸ್ಟರು. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ಐದು, ದಿನಕ್ಕೆ ಮೂರು ಸಲ. ನೋಡಿ ಬರೆಯುವುದು ಆಪರೇಟರು, ಪಕ್ಕದಲ್ಲಿ 'ಪರಿಶೀಲಿಸಿದೆ' ಎಂದು ಸಹಿ ಹಾಕುವುದು ನಾನು.

ಆಪರೇಟರು ಗುತ್ತಿಗೆ ಮೇಲಿನ ಮನುಷ್ಯ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಕಂಪ್ರೆಸರಿನ ಮೇಲೆ ಕೈ ಇಟ್ಟೇ ಎಲ್ಲಿ ಗ್ಯಾಸ್ ಕಡಿಮೆಯಾಗಿದೆ ಎಂದು ಹೇಳುತ್ತಿದ್ದ. ಅವನ ಮನೆತನದ ಕೆಲಸ ಢಾಕ್ ಬಾರಿಸುವುದು. ಢಾಕ್ ಎಂದರೆ ಹೆಗಲಿಗೆ ನೇತುಹಾಕಿಕೊಳ್ಳುವ, ಒಂದು ತುದಿಗೆ ಬಿಳಿ ಗರಿ ಸಿಕ್ಕಿಸಿದ ದೊಡ್ಡ ಡೋಲು. ಪೂಜೆಯ ಐದು ದಿನ ಅದಿಲ್ಲದೆ ದೇವಿಗೆ ಆರತಿಯೇ ಇಲ್ಲ. ಪ್ರತಿ ವರ್ಷ ಕಸ್ಬಾ ಬಡಾವಣೆಯ ಒಂದೇ ಪೆಂಡಾಲಿನಲ್ಲಿ ಅಣ್ಣನ ಜೊತೆ ಬಾರಿಸುತ್ತಿದ್ದ. ಪೂಜೆಯ ರಜೆಯಲ್ಲಿ ಕಚೇರಿಗೆ ಬಂದು ಕೋಲ್ಡ್ ರೂಮು ನೋಡುವ ಡ್ಯೂಟಿಯೂ ಅವನದೇ.

ಪಂಚಮಿಯ ಮಧ್ಯಾಹ್ನ ಬಂದು ನಿಂತ.

"ದಾದಾ, ಈ ಸಲಾನೂ..."

"ಹೋಗು ಮಾರಾಯ. ವರ್ಷಾ ವರ್ಷಾ ಇದ್ದದ್ದೇ. ಬಾ, ಕೂತ್ಕೋ, ಬರೆದು ಮುಗಿಸಿ ಹೋಗು."

ನಮ್ಮಲ್ಲಿ ಇದು ಕದ್ದು ಮಾಡುವ ಕೆಲಸವಾಗಿರಲಿಲ್ಲ. ಪೂಜೆಗೆ ಹೊಸ ಬಟ್ಟೆ ಕೊಂಡ ಹಾಗೆ, ರಿಜಿಸ್ಟರು ಮುಂಗಡ ತುಂಬಿಸುವುದೂ ಒಂದು. ಅವನು ಐದೂ ದಿನದ ಹದಿನೈದು ಸಾಲು ಬರೆದ. ಎಲ್ಲ ಕಡೆ ನಾಲ್ಕು ಬೇಡ ಎಂದು ಅಲ್ಲಲ್ಲಿ ಐದು, ಮೂರೂವರೆ ಹಾಕಿದ. ಪೆನ್ನನ್ನೂ ಎರಡು ಸಲ ಬದಲಿಸಿದ. ನಾನು ಪಕ್ಕದಲ್ಲಿ ಹದಿನೈದು ಸಹಿ ಹಾಕಿದೆ. ಅಷ್ಟಮಿ, ಮಧ್ಯಾಹ್ನ ಒಂದು ಗಂಟೆ, ನಾಲ್ಕು ಡಿಗ್ರಿ. ಆ ಸಾಲು ಮಾತ್ರ ಇವತ್ತಿಗೂ ಕಣ್ಣ ಮುಂದೆ ಇದೆ.

ಅಷ್ಟರಲ್ಲಿ ಸಾಹೇಬರು ಎರಡು ಮಣ್ಣಿನ ಕುಡಿಕೆ ಕಳಿಸಿದರು. ದಶಮಿಯ ನಂತರ ನೆಂಟರ ಮನೆಗೆ ಕೊಡಲು ತಂದ ಸಿಹಿ ಮೊಸರು, ಇಲ್ಲಿಯ ಮಿಷ್ಟಿ ದೋಯಿ. ಅವರಿಗೆ ಬೇಕಾದ ಅಂಗಡಿಯಲ್ಲಿ ಪೂಜೆ ಶುರುವಾದರೆ ಸಾಲು ರಸ್ತೆಯವರೆಗೆ ಬರುತ್ತದಂತೆ. ಮನೆಯ ಫ್ರಿಜ್ಜಿನಲ್ಲಿ ಜಾಗ ಇಲ್ಲ. ಲಸಿಕೆಯ ಕೋಲ್ಡ್ ರೂಮಿನಲ್ಲಿ ತಿನ್ನುವ ಪದಾರ್ಥ ಇಡಬಾರದು ಎಂದು ಬಾಗಿಲ ಮೇಲೆ ಅವರೇ ಸಹಿ ಮಾಡಿದ ಬೋರ್ಡು ಇದೆ. ಆಪರೇಟರು ಬೋರ್ಡಿಗೊಂದು ಸಲಾಂ ಹೊಡೆದು ಕುಡಿಕೆಗಳನ್ನು ಒಳಗೆ ಇಟ್ಟ.

ಅಷ್ಟಮಿಯ ದಿನ ಹೆಂಡತಿ, ಮಗಳನ್ನು ಕರೆದುಕೊಂಡು ಕಸ್ಬಾಕ್ಕೆ ಹೋದೆ. ಜನವೋ ಜನ. ಮಗಳು ನನ್ನ ಕೈ ಜಗ್ಗಿದಳು, "ಪಪ್ಪಾ, ದೇಖೋ, ನಿಮ್ಮ ಆಫೀಸ್ ಅಂಕಲ್!" ಅವನು ಕೆಂಪು ಅಂಚಿನ ಪಂಚೆ ಉಟ್ಟು, ಬರಿಮೈಯಲ್ಲಿ ಬೆವರು ಸುರಿಸುತ್ತ ಸುತ್ತ ತಿರುಗಿ ಬಾರಿಸುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಗಡಿಯಾರ ಕಟ್ಟುವ ಜಾಗ ತೋರಿಸಿ, ನಾಲ್ಕು ಬೆರಳು ಎತ್ತಿದ. ನಾಲ್ಕು ಡಿಗ್ರಿ! ನನಗೆ ನಗು ತಡೆಯಲಾಗಲಿಲ್ಲ. ಆಗ ಒಂದು ಗಂಟೆಯಾಗಿತ್ತು.

"ಏನ್ರೀ ಅದು, ಇಬ್ಬರೂ ಹಂಗ ನಕ್ಕೀರಿ?" ಎಂದಳು ಹೆಂಡತಿ.

"ಆಫೀಸಿಂದು," ಎಂದೆ.

ರಜೆ ಮುಗಿಸಿ ಹೋದ ಬೆಳಿಗ್ಗೆ ಆಪರೇಟರು ನನಗಿಂತ ಬಹಳ ಮುಂಚೆ ಬಂದಿದ್ದ. "ದಾದಾ, ಕಂಪ್ರೆಸರ್ ಟ್ರಿಪ್ ಆಗಿತ್ತು. ಬಟನ್ ಒತ್ತಿದೆ, ಈಗ ಇಳೀತಾ ಇದೆ." ಕರೆಂಟು ಹೆಚ್ಚುಕಮ್ಮಿಯಾದರೆ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ, ಮತ್ತೆ ಕೈಯಿಂದಲೇ ಬಟನ್ ಒತ್ತಿ ಶುರು ಮಾಡಬೇಕು. ವಾರಕ್ಕೊಮ್ಮೆ ಆಗುವ ಸಂಗತಿ. ಎಷ್ಟಕ್ಕೆ ಏರಿತ್ತು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿಂತದ್ದು ಬೆಳಗಿನ ಜಾವ ಇರಬೇಕು ಎಂದುಕೊಂಡೆ. ನಾನು ನೋಡುವಾಗ ಹತ್ತು ತೋರಿಸುತ್ತಿತ್ತು, ಅರ್ಧ ಗಂಟೆಯಲ್ಲಿ ಆರಕ್ಕೆ ಬಂತು. ಆರು ಎಂದೇ ಬರೆಸಿದೆ.

ಆಮೇಲೆ ಸಾಹೇಬರ ಕುಡಿಕೆಗಳನ್ನು ಹೊರತಂದೆವು. ಬಾಯಿಗೆ ಕಟ್ಟಿದ ಕಾಗದ ಗುಮ್ಮಟದಂತೆ ಉಬ್ಬಿತ್ತು. ಬಿಚ್ಚಿದರೆ ನೊರೆ, ಹೆಂಡದ ವಾಸನೆ. ಸಾಹೇಬರು ಆ ಅಂಗಡಿಯವನ ವಂಶವನ್ನೆಲ್ಲ ಬೈದರು. "ಪೂಜೆ ಬಂತು ಅಂದ್ರೆ ಹಳೇದನ್ನ ಮಾರ್ತಾನೆ ಕಳ್ಳ!" ಆಪರೇಟರು ಮೋರಿಗೆ ಸುರಿದು ಕುಡಿಕೆ ತೊಳೆದಿಟ್ಟ. ನಾವೆಲ್ಲ ನಕ್ಕೆವು. ಕುಡಿಕೆ ಇಟ್ಟಿದ್ದ ಅದೇ ಹಲಗೆಯ ಮೇಲೆ ಒಂದು ಗೇಣು ಆಚೆ ಲಸಿಕೆಯ ಸೀಸೆಗಳಿದ್ದವು. ಪುಡಿ ರೂಪದ ಲಸಿಕೆ ಉಬ್ಬುವುದಿಲ್ಲ, ನಾರುವುದೂ ಇಲ್ಲ. ಸತ್ತಿದ್ದರೂ ನೋಡುವುದಕ್ಕೆ ಹಾಗೇ ಬೆಳ್ಳಗೆ ಇರುತ್ತದೆ.

ಪರೀಕ್ಷೆ ಶುರು ಮಾಡಿದೆ. ಇದರಲ್ಲಿರುವುದು ಬದುಕಿರುವ, ಆದರೆ ಬಲ ಕುಗ್ಗಿಸಿದ ರೋಗಾಣು. ಎಷ್ಟು ಬದುಕಿದೆ ಎಂಬುದೇ ಲಸಿಕೆಯ ಬಲ. ಸೀಸೆಯ ಪುಡಿಯನ್ನು ಐಸಿನ ಮೇಲಿಟ್ಟುಕೊಂಡು ಕರಗಿಸಬೇಕು. ಅದನ್ನು ಹತ್ತು ಪಟ್ಟು ತೆಳು ಮಾಡಬೇಕು, ಆ ತೆಳುವನ್ನು ಮತ್ತೆ ಹತ್ತು ಪಟ್ಟು, ಹೀಗೆ ಆರು ಸಲ. ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಜೀವಕೋಶ ಬೆಳೆಸಿರುತ್ತೇವೆ. ಪ್ರತಿ ಗುಳಿಗೆ ಒಂದೊಂದು ತೆಳುವನ್ನು ಹಾಕಿ ಮೈಬಿಸಿಯಷ್ಟು ಕಾವಿನ ಪೆಟ್ಟಿಗೆಯಲ್ಲಿ ಏಳು ದಿನ ಇಡಬೇಕು. ಏಳನೆಯ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರೋಗಾಣು ಇದ್ದ ಗುಳಿಯ ಕೋಶಗಳು ಗುಂಡಗಾಗಿ ಕಿತ್ತು ಬಂದಿರುತ್ತವೆ. ಎಷ್ಟು ತೆಳುವಿನವರೆಗೆ ಹಾಗೆ ಕಿತ್ತು ಬಂದಿದೆ ಎಂದು ಎಣಿಸಿದರೆ ಬಲ ಗೊತ್ತಾಗುತ್ತದೆ. ನಾವು ಕೆಲಸ ಸರಿಯಾಗಿ ಮಾಡಿದ್ದೇವೋ ಇಲ್ಲವೋ ತಿಳಿಯಲು, ಬಲ ಗೊತ್ತಿರುವ ಇನ್ನೊಂದು ಲಸಿಕೆಯನ್ನೂ ಪಕ್ಕದಲ್ಲಿ ಪರೀಕ್ಷಿಸುತ್ತೇವೆ. ಅದು ಬೇರೆ ಕೋಣೆಯಲ್ಲಿ, ಬೇರೆ ಲೈನಿನ ಡೀಪ್ ಫ್ರೀಜರಿನಲ್ಲಿ ಇರುತ್ತದೆ.

ಏಳನೆಯ ದಿನ ಕಂಪನಿಯ ಲಸಿಕೆ ಫೇಲಾಯಿತು. ಮೊದಲ ಎರಡು ತೆಳುವಿನ ಮುಂದೆ ಕೋಶಗಳೆಲ್ಲ ಆರೋಗ್ಯವಾಗಿದ್ದವು. ಫ್ರೀಜರಿನ ಲಸಿಕೆ ಮಾತ್ರ ಬರಬೇಕಾದಷ್ಟೇ ಬಂದಿತ್ತು. ಅಂದರೆ ನನ್ನ ಕೈ ಸರಿ ಇದೆ, ಲಸಿಕೆಯೇ ಕೆಟ್ಟದ್ದು. ನಿಜ ಹೇಳಬೇಕೆಂದರೆ ನನಗೆ ಒಂಥರಾ ಖುಷಿಯಾಯಿತು. ದೊಡ್ಡ ಕಂಪನಿಯನ್ನು ಹಿಡಿದೆ ಎನಿಸಿತು. ನಿಯಮದಂತೆ ಎರಡನೇ ಗುಂಪಿನ ಸೀಸೆ ತೆಗೆದು ಮತ್ತೆ ಹಚ್ಚಿದೆ. ಇನ್ನೇಳು ದಿನ.

ಕಂಪನಿಯಿಂದ ಫೋನು ಬಂತು. ಅವರ ಬಳಿಯಿದ್ದ ಅದೇ ಬ್ಯಾಚು ಅವರ ಲ್ಯಾಬಿನಲ್ಲಿ ಚೆನ್ನಾಗಿ ಪಾಸಾಗಿತ್ತು. ಸಾಹೇಬರು, "ಎಲ್ಲ ಕಂಪನೀನೂ ಹೀಗೇ ಅಳೋದು," ಎಂದು ಫೋನ್ ಇಟ್ಟರು.

ಎರಡನೇ ಪರೀಕ್ಷೆ ಹಚ್ಚಿದ ಎರಡನೇ ದಿನ ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಒಂದು ಪಾತ್ರೆ ಹಿಡಿದು ಬಂದಳು.

"ನೋಡ್ರಿ ಇಲ್ಲೆ. ಮೊಸರು ಫ್ರಿಜ್ಜಿನಾಗ ಇಡೂದು ಮರತಿದ್ದೆ. ಮೂರ ದಿನ ಹೊರಗ ಉಳದೈತಿ. ಹೆಂಗ ಬುರುಗು ಬಂದೈತಿ ನೋಡ್ರಿ, ನಾಯಿನೂ ಮೂಸಂಗಿಲ್ಲ."

ನೊರೆ. ಹೆಂಡದ ವಾಸನೆ. ನನ್ನ ಕೈಯಲ್ಲಿದ್ದ ಟೀ ಅಲ್ಲೇ ನಿಂತಿತು.

"ಫ್ರಿಜ್ಜಿನಾಗ ಇಟ್ಟಿದ್ರ?" ಎಂದೆ.

"ಫ್ರಿಜ್ಜಿನಾಗ ವಾರ ಇದ್ರೂ ಹುಳಿ ಆಗತೈತಿ ಅಷ್ಟ. ಹಿಂಗ ಉಕ್ಕಂಗಿಲ್ಲ. ಯಾಕ್ರೀ, ಮಾರಿ ಯಾಕ ಹಂಗ ಮಾಡೀರಿ?"

ಕಚೇರಿಗೆ ಹೋಗಿ ಗೇಟಿನ ಕಾವಲುಗಾರನನ್ನು ಕೇಳಿದೆ. ಸಪ್ತಮಿ ಸಂಜೆ ಒಂದು ಸಲ ಲೈಟು ಮಂಕಾಗಿ, ಮತ್ತೆ ಬಂದಿತ್ತಂತೆ. ಅಂದಿನಿಂದ ಕಟ್ಟಡದ ಹಿಂದೆ ಕಂಪ್ರೆಸರಿನ ಸದ್ದು ಕೇಳಿರಲಿಲ್ಲ. "ಬಾಬು, ಪೂಜೆಗೆ ಅದಕ್ಕೂ ರಜೆ ಕೊಟ್ಟಿದ್ದೀರಿ ಅಂದುಕೊಂಡೆ," ಎಂದ. ಕಂಪ್ರೆಸರ್ ನಿಂತರೂ ಒಳಗಿನ ಫ್ಯಾನು, ಹಿಮ ಕರಗಿಸುವ ಹೀಟರು ಬೇರೆ ಲೈನಿನಲ್ಲಿ ಓಡುತ್ತಿರುತ್ತವೆ. ಮೂರು ದಿನಕ್ಕೂ ಹೆಚ್ಚು ಕಾಲ ಮುಚ್ಚಿದ ಆ ಕೋಣೆ ಒಲೆಯಾಗಿತ್ತು. ಎರಡೂ ಗುಂಪಿನ ಸೀಸೆಗಳು ಅಲ್ಲೇ ಇದ್ದವು. ಎರಡನೇ ಪರೀಕ್ಷೆಯೂ ಫೇಲಾಗಲೇಬೇಕು. ಒಳ್ಳೆಯ ಲಸಿಕೆಯನ್ನು ನಾವೇ ಕೊಂದು, ಕಂಪನಿಯ ತಲೆಗೆ ಕಟ್ಟುತ್ತಿದ್ದೆವು. ಸಾಹೇಬರ ಸಹಿ ಬಿದ್ದರೆ ಇಡೀ ಬ್ಯಾಚನ್ನು ಸುಡುತ್ತಾರೆ.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ.

ರಿಜಿಸ್ಟರು ತೆಗೆದು ನನ್ನ ಹದಿನೈದು ಸಹಿ ನೋಡಿದೆ. ಇಪ್ಪತ್ತಾರಕ್ಕೆ ಎಸ್ಸೆಸ್ಸೆಲ್ಸಿ, ಮೂವತ್ತು ದಾಟಿ ಡಿಪ್ಲೊಮಾ, ಆಮೇಲೆ ಈ ಕೆಲಸ. ಇದು ಹೋದರೆ ಮತ್ತೆ ಯಾವ ತರಗತಿಯಲ್ಲಿ ಹೋಗಿ ಕೂರಲಿ? ಎರಡನೇ ತಟ್ಟೆ ಹೇಗಾದರೂ ಪಾಸಾಗಲಿ ಎಂದು ದೇವರಿಗೆ ಕೈ ಮುಗಿದೆ. ಇಂಥದಕ್ಕೆ ಮುಗಿಯಬಾರದಿತ್ತು. ಐದು ದಿನ ಹೀಗೆ ಹೋಯಿತು. ತಟ್ಟೆ ಫೇಲಾಯಿತು. ಸಾಹೇಬರು ವರದಿ ಬರೆಯಲು ಹೇಳಿದರು. ನಾನು ಲೆಕ್ಕ ಇನ್ನೊಮ್ಮೆ ನೋಡುತ್ತೇನೆಂದು ಮತ್ತೆ ನಾಲ್ಕು ದಿನ ತಳ್ಳಿದೆ. ಒಟ್ಟು ಒಂಬತ್ತು ದಿನ.

ಒಂಬತ್ತನೆಯ ಬೆಳಿಗ್ಗೆ ಗೌಳಿ ಹಾಲು ತರಲಿಲ್ಲ. ಕಾಲುವೆ ಕಡೆ ನಾನೇ ಹೋದೆ.

ಮೂರು ಹಸುಗಳಿಗೆ ಗಂಟು ಎದ್ದಿತ್ತು. ಒಂದು ನೆಲದ ಮೇಲಿತ್ತು. ಕಾಲು ಊದಿ ಕಂಬದಂತಾಗಿತ್ತು, ಎದೆಯ ಗಂಟುಗಳು ಒಡೆದು ಚರ್ಮ ಬಿಲ್ಲೆ ಬಿಲ್ಲೆಯಾಗಿ ಕಳಚಿತ್ತು. ಆ ಗುಳಿಗಳಲ್ಲಿ ಹುಳ ಮಿಜಿಗುಡುತ್ತಿದ್ದವು. ಗೌಳಿ ಬೇವಿನ ನೀರು ಹಾಕಿ ಕಡ್ಡಿಯಿಂದ ಒಂದೊಂದೇ ಹುಳ ತೆಗೆಯುತ್ತಿದ್ದ. ಗಂಟಲೊಳಗೂ ಗಂಟು ಎದ್ದಿರಬೇಕು. ಹಸು ಉಸಿರೆಳೆದಾಗಲೆಲ್ಲ ಗರಗಸದ ಸದ್ದು ಬರುತ್ತಿತ್ತು.

"ಟೀಕಾಬಾಬು," ಎಂದ ತಲೆಯೆತ್ತದೆ. "ನಿಮ್ಮ ಪರೀಕ್ಷೇಲಿ ಯಾರು ಪಾಸಾದ್ರು?"

ನಾನು ಬೇವಿನ ನೀರಿನ ಚೊಂಬನ್ನು ಅವನ ಹತ್ತಿರ ಸರಿಸಿದೆ.

"ಇದಕ್ಕೆ ಇನ್ನು ಟೀಕಾ ಹಾಕಿದ್ರೂ ಉಪಯೋಗ ಇಲ್ಲ ಅಂತ ಗೊತ್ತು. ಉಳಿದ ಮೂರಕ್ಕೆ ಕೇಳ್ತಿದ್ದೀನಿ. ಆವಾಗ ಅರ್ಧ ಲೀಟರ್ ಬೇಡ ಅಂದ್ರಿ. ಒಂದು ಲೀಟರ್ ಅನ್ನಬೇಕಿತ್ತು ನಾನು."

ನಾನು ನಿಂತಿದ್ದಾಗಲೇ ಗರಗಸ ನಿಂತಿತು. ಗೌಳಿ ಕಡ್ಡಿಯನ್ನು ಪಕ್ಕಕ್ಕಿಟ್ಟು, ಹಸುವಿನ ಕಿವಿಯೊಳಗಿನ ಹುಳವನ್ನೂ ಬೆರಳಿನಿಂದಲೇ ತೆಗೆದ. ಹೂಳುವುದಕ್ಕೆ ಅಲ್ಲಿ ಒಂದು ಅಡಿ ಜಾಗವಿಲ್ಲ. ಕಸದ ಲಾರಿ ಬಂದು, ಹಿಂಗಾಲಿಗೆ ಸರಪಳಿ ಬಿಗಿದು ಎಳೆದಾಗ ಸಡಿಲವಾಗಿದ್ದ ಚರ್ಮ ಕಲ್ಲಿಗೆ ಅಂಟಿಕೊಂಡು ಅಲ್ಲೇ ಉಳಿಯಿತು. ನಾನು ಅಲ್ಲಿಂದ ನೇರ ಕಚೇರಿಗೆ ಹೋದೆ.

"ಸರ್, ಫೇಲಾದದ್ದು ಲಸಿಕೆ ಅಲ್ಲ. ನಮ್ಮ ಕೋಲ್ಡ್ ರೂಮು."

ಸಾಹೇಬರು ಕನ್ನಡಕ ತೆಗೆದರು. "ರಿಜಿಸ್ಟರ್ ಏನನ್ನುತ್ತೆ?"

"ನಾಲ್ಕು ಡಿಗ್ರಿ."

"ಮತ್ತೇನು?"

"ಅದನ್ನ ಪಂಚಮಿ ದಿನವೇ ಬರೆದದ್ದು ಸರ್."

ಅವರು ಜೋರಾಗಿ ನಕ್ಕರು. "ಅದು ನನಗೆ ಗೊತ್ತಿಲ್ಲವೇನಯ್ಯ? ನಿನ್ನ ಕುರ್ಚೀಲಿ ಕೂತಾಗ ನಾನೂ ಹಾಗೇ ಬರೀತಿದ್ದೆ. ಅದರಿಂದ ರೂಮು ಬಿಸಿಯಾಗಿತ್ತು ಅಂತ ಹೇಗಾಗುತ್ತೆ?"

"ನಿಮ್ಮ ದೋಯಿ ಸರ್. ಅಂಗಡಿಯವನು ಮೋಸ ಮಾಡಿರಲಿಲ್ಲ."

ನಗು ನಿಂತಿತು. ಅವರು ದಡ್ಡರಲ್ಲ. ಮೊಸರಿನಿಂದ ಸೀಸೆಗೆ ಬರಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿದರು.

"ಯಾವಾಗ ಗೊತ್ತಾಯ್ತು ನಿನಗೆ?"

"ಇವತ್ತು," ಎಂದೆ. ಆ ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಸರಿ. ಎರಡೂ ಪರೀಕ್ಷೆ ರದ್ದು ಮಾಡಬೇಕು, ಹೊಸ ಸೀಸೆ ತರಿಸಬೇಕು. ಅದಕ್ಕೆ ಕಾರಣ ಬೇಕು. ಬರಹದಲ್ಲಿ ಕೊಡು. ಇಲ್ಲೇ ಕೂತು ಟೈಪ್ ಮಾಡು."

ಅವರ ಕಂಪ್ಯೂಟರಿನಲ್ಲೇ ಒಂದೇ ಬೆರಳಲ್ಲಿ ಟೈಪ್ ಮಾಡಿದೆ. ಸಾಹೇಬರು ಕಿಟಕಿ ಬಳಿ ನಿಂತು ಬಂದರಿನ ಕ್ರೇನು ನೋಡುತ್ತಿದ್ದರು. ನಡುವೆ ಒಮ್ಮೆ, "ಹಸು ಕೂಡ ಇದಕ್ಕಿಂತ ಬೇಗ ಟೈಪ್ ಮಾಡುತ್ತೆ," ಎಂದರು. ಮುಗಿಸಿ ಪ್ರಿಂಟ್ ತೆಗೆದು ಕೊಟ್ಟೆ. ಪೆನ್ಸಿಲ್ ಹಿಡಿದು ಓದಿದರು. ಕಂಪ್ರೆಸರ್ ಟ್ರಿಪ್ ಆದದ್ದು ಇರಲಿ. ರಿಜಿಸ್ಟರಿನಲ್ಲಿ ಆಪರೇಟರು ಮೊದಲೇ ಬರೆದದ್ದು ಇರಲಿ. ದೋಯಿಯ ಸಾಲು ಹೊಡೆದು ಹಾಕಿದರು. ಇನ್ನೊಂದು ಸಾಲಿನ ಮೇಲೆ ಪೆನ್ಸಿಲ್ ನಿಂತಿತು.

'ಆಪರೇಟರನಿಗೆ ರಜೆ ಕೊಟ್ಟದ್ದು ನಾನು' ಎಂದು ಬರೆದಿದ್ದೆ.

"ಇದು ಯಾಕೆ?"

"ನಿಜ ಸರ್."

"ನಿಜ ಸರಿ. ಆದರೆ ಇದಿದ್ದರೆ ನೀನು ಸಸ್ಪೆಂಡು. ನಿನ್ನ ಹಿಂದೆ ನನ್ನ ವಿಚಾರಣೆ. ಹೊಸ ಸೀಸೆ ತರಿಸೋ ಕಾಗದಕ್ಕೆ ಸಹಿ ಮಾಡೋರೇ ಇರಲ್ಲ. ನಿನ್ನ ದನಗಳು ಇನ್ನೂ ಒಂದು ತಿಂಗಳು ಕಾಯಬೇಕು. ಇದಿಲ್ಲದಿದ್ದರೆ ನಿನ್ನ ಸಹಿ ರಜೆ ಮುಗಿದ ಮೇಲೆ ಅವನು ಬರೆದದ್ದನ್ನ ನಂಬಿ ಹಾಕಿದ್ದು ಅಂತಾಗುತ್ತೆ, ನಾನು ಇವತ್ತು ಮಧ್ಯಾಹ್ನವೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೀನಿ. ನೋಡು, ನಿನ್ನಿಷ್ಟ."

"ಅವನು?"

"ಗುತ್ತಿಗೆಯವನು. ಅವನಿಗೆ ಢಾಕ್ ಇದೆಯಲ್ಲ."

ಸಾಹೇಬರು ಹೇಳಿದ್ದರಲ್ಲಿ ಒಂದಿಷ್ಟು ನಿಜವೂ ಇತ್ತು. ದನಗಳಿಗಾಗಿ ಒಪ್ಪುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಸಾಲು ಅಳಿಸುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಹುಳ ಬಿದ್ದ ಹಸು ಅಲ್ಲ, ನನ್ನ ಕುರ್ಚಿ. ಟೈಪ್ ಮಾಡಲು ಅಷ್ಟು ಹೊತ್ತು ಬೇಕಾಗಿತ್ತು. ಅಳಿಸಲು ಬಟನ್ ಒತ್ತಿ ಹಿಡಿದರೆ ಸಾಕು.

ಅಂದು ಮಧ್ಯಾಹ್ನವೇ ಸಾಹೇಬರು ಫೋನ್ ಮಾಡಿದರು. ಇನ್‌ಸ್ಪೆಕ್ಟರು ಕಂಪನಿಯ ಗೋದಾಮಿನಿಂದ ಹೊಸ ಸೀಸೆ ತೆಗೆದು ಕಳಿಸಿದರು. ಈ ಸಲ ಅವನ್ನು ಡೀಪ್ ಫ್ರೀಜರಿನ ಕೋಣೆಯ ಸಣ್ಣ ಫ್ರಿಜ್ಜಿನಲ್ಲಿಟ್ಟು, ನಾನೇ ಎರಡೆರಡು ಗಂಟೆಗೆ ನೋಡಿ ಬರೆದೆ. ಸೀಸೆ ಬರಲು ಮೂರು ದಿನ, ಪರೀಕ್ಷೆಗೆ ಏಳು. ಐದನೆಯ ತೆಳುವಿನವರೆಗೆ ಎಲ್ಲ ಗುಳಿಯ ಕೋಶಗಳೂ ಕಿತ್ತು ಬಂದಿದ್ದವು. ಒಳ್ಳೆಯ ಲಸಿಕೆ. ಅಷ್ಟು ಚಂದದ ತಟ್ಟೆಯನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಬ್ಯಾಚು ಬಿಡುಗಡೆಯಾಗಿ, ಜಿಲ್ಲೆಗಳಿಗೆ ಹೋಗಿ, ನಮ್ಮ ಕಾಲುವೆಯ ಕಡೆಗೂ ಲಸಿಕೆಯವರು ಬಂದರು. ಆಗ ಗೌಳಿಯ ಕೊಟ್ಟಿಗೆಯಲ್ಲಿ ಎರಡು ಹಸು ಉಳಿದಿದ್ದವು. ನಾನು ಒಂಬತ್ತು ದಿನ ಮುಂಚೆ ಬಾಯಿ ಬಿಟ್ಟಿದ್ದರೆ ಮೂರೋ ನಾಲ್ಕೋ ಉಳಿಯುತ್ತಿದ್ದವೇನೋ. ಖಚಿತವಾಗಿ ಹೇಳಲಾರೆ, ಚುಚ್ಚಿದ ಮೇಲೂ ಬಲ ಬರಲು ಎರಡು ಮೂರು ವಾರ ಬೇಕು. ಆದರೆ ಪೂಜೆಯಲ್ಲಿ ಯಾರಾದರೂ ಒಮ್ಮೆ ಕೋಲ್ಡ್ ರೂಮಿನ ಬಾಗಿಲು ತೆರೆದು ನೋಡಿದ್ದರೆ ಮೊದಲ ಪರೀಕ್ಷೆಯಲ್ಲೇ ಬ್ಯಾಚು ಪಾಸಾಗುತ್ತಿತ್ತು. ಇದಂತೂ ಖಚಿತ.

ಆಪರೇಟರನನ್ನು ತೆಗೆದದ್ದು ಬ್ಯಾಚು ಪಾಸಾದ ಮರುದಿನ. ಸುಳ್ಳು ದಾಖಲೆ ಬರೆದ ಕಾರಣಕ್ಕೆ, ಮತ್ತೆ ಯಾವ ಸರ್ಕಾರಿ ಕಚೇರಿಗೂ ಕಳಿಸಬಾರದು ಎಂದು ಗುತ್ತಿಗೆದಾರನಿಗೆ ಕಾಗದ ಹೋಯಿತು. ಲೋಪವನ್ನು ಗಮನಕ್ಕೆ ತಂದದ್ದಕ್ಕಾಗಿ ನನಗೊಂದು ಮೆಚ್ಚುಗೆಯ ಪತ್ರ ಬಂತು. ಸಾಹೇಬರು ಎಲ್ಲರ ಮುಂದೆ ಓದಿ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಅವರೆಲ್ಲರ ಮೇಜಿನಲ್ಲೂ ಮುಂಗಡ ತುಂಬಿಸಿದ ಒಂದಲ್ಲ ಒಂದು ರಿಜಿಸ್ಟರು ಇತ್ತು.

ಕೋಲ್ಡ್ ರೂಮಿನ ಬೀಗದ ಕೈ ಒಪ್ಪಿಸಲು ಅವನು ನನ್ನ ಬಳಿಯೇ ಬಂದ. ಅಳುತ್ತಿರಲಿಲ್ಲ. ಕಂಪ್ರೆಸರಿಗೆ ಯಾವ ತಿಂಗಳು ಎಣ್ಣೆ ಹಾಕಬೇಕು, ಯಾವ ಬೋಲ್ಟು ಸಡಿಲವಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ತಂದಿದ್ದ.

"ಹೊಸಬನಿಗೆ ಕೊಡಿ ದಾದಾ. ಅವನಿಗೆ ಗೊತ್ತಿರಲ್ಲ."

ತೆಗೆದುಕೊಂಡೆ.

"ದಾದಾ, ಒಂದು ಕೇಳಲಾ? ಗುತ್ತಿಗೆದಾರ ಅಂತಾನೆ, ನಾನು ಯಾರಿಗೂ ಹೇಳದೆ ಓಡಿಹೋಗಿದ್ದೆ ಅಂತ ಕಾಗದದಲ್ಲಿದೆಯಂತೆ. ನಾನಂದೆ, ಸಾಧ್ಯವೇ ಇಲ್ಲ, ದಾದಾ ಹಾಗೆ ಬರೆಯೋರಲ್ಲ ಅಂತ. ನೀವು ಬರೆದಿದ್ದೀರಿ ತಾನೇ, ರಜೆ ಕೊಟ್ಟದ್ದು ನೀವೇ ಅಂತ?"

"ಬರೆದಿದ್ದೀನಿ," ಎಂದೆ.

"ನನಗೆ ಗೊತ್ತಿತ್ತು. ಮೇಲಿನವರು ತೆಗೆದಿರ್ತಾರೆ ಬಿಡಿ," ಎಂದು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿಯಲೂ ಇಲ್ಲ.

ಮರುವರ್ಷದ ಅಷ್ಟಮಿಗೆ ಮಗಳು ಕಸ್ಬಾಕ್ಕೆ ಹೋಗೋಣ, ಢಾಕ್ ಅಂಕಲನ್ನು ನೋಡೋಣ ಎಂದಳು. ಅಲ್ಲಿ ಬಹಳ ಗದ್ದಲ ಎಂದು ಬೇರೆ ಕಡೆ ಕರೆದುಕೊಂಡು ಹೋದೆ. ಗೌಳಿ ಈಗಲೂ ಎರಡು ಹಸುವಿನ ಹಾಲು ತರುತ್ತಾನೆ. ಟೀಕಾಬಾಬು ಎಂದೇ ಕರೆಯುತ್ತಾನೆ. ಕೋಲ್ಡ್ ರೂಮಿಗೆ ತಾನಾಗಿ ಬರೆದುಕೊಳ್ಳುವ ಹೊಸ ಮಿಷನ್ ಬಂದಿದೆ. ಅದು ಯಾರಿಗೂ ರಜೆ ಕೊಡುವುದಿಲ್ಲ.

ಆ ದಿನ ಸಾಹೇಬರ ಕೋಣೆಯಲ್ಲಿ ಅಳಿಸಿದ ಸಾಲನ್ನು ಇಲ್ಲಿ ಮತ್ತೆ ಟೈಪ್ ಮಾಡುತ್ತೇನೆ. ಆಪರೇಟರನಿಗೆ ರಜೆ ಕೊಟ್ಟದ್ದು ನಾನು. ಅವನು ಕನ್ನಡ ಓದಲಾರ ಎಂಬುದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಇಷ್ಟು ಧೈರ್ಯ ಬಂದಿದೆ ಎಂಬುದನ್ನೂ ಬರೆದುಬಿಡುತ್ತೇನೆ.

ಇದನ್ನು ಓದಿದ ನಿಮ್ಮಲ್ಲಿ ಆಸ್ಪತ್ರೆಯಲ್ಲೋ, ರೈಲ್ವೆಯಲ್ಲೋ, ಯಾವುದೋ ಕಚೇರಿಯಲ್ಲೋ ಕೆಲಸ ಮಾಡುವವರು ಇರಬಹುದು. ನೋಡದೆ ಹಾಕಿದ ನಿಮ್ಮ ಸಹಿಯೊಂದು ಎಲ್ಲಿಯಾದರೂ ಕೂತಿದ್ದರೆ, ಅದಕ್ಕೆ ಇನ್ನೊಬ್ಬರು ತಲೆ ಕೊಟ್ಟಿದ್ದರೆ, ದಯವಿಟ್ಟು ಬರೆಯಿರಿ. ಅವರ ಮುಂದೆ ಹೋಗಿ ಬಾಯಿ ಬಿಟ್ಟವರು ಯಾರಾದರೂ ಇದ್ದರೆ ಹೇಗೆ ಹೇಳಿದಿರಿ ಎಂಬುದನ್ನೂ ತಿಳಿಸಿ. ಕಸ್ಬಾಕ್ಕೆ ನಮ್ಮ ಮನೆಯಿಂದ ಒಂದೇ ಬಸ್ಸು ಹತ್ತಿದರೆ ಸಾಕು.